ಇಳಿಜಾರಿನಲ್ಲಿ ಸೈಕಲ್ ಇಳಿಯುತ್ತಿದ್ದವರು

ಹೋದ ತಿಂಗಳು ಒಂದು ಮಧ್ಯಾಹ್ನ ಕೆಂಗೇರಿಯಿಂದ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದರು. ನನಗೆ ಗುರುತು ಸಿಗಲಿಲ್ಲ. ತಂದೆಯ ಹೆಸರು ಹೇಳಿದ ಮೇಲೆ ಒಳಗೆ ಕರೆದು ಕೂರಿಸಿದೆ. ಕೈಯಲ್ಲಿ ತಂದೆಯ ಹನ್ನೊಂದನೆಯ ದಿನದ ಕಾರ್ಯದ ಕಾರ್ಡಿತ್ತು. ಕೊಟ್ಟು, ನೀರು ಕುಡಿದು, ಎದ್ದು ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು.

"ಒಂದ್ ವಿಷ್ಯ ಕೇಳ್ಬೇಕಿತ್ತು ಸಾರ್. ಅಪ್ಪ ಒಂದ್ಸಲ ಸೈಕಲ್ ರೇಸಿಗೆ ಹೋಗಿದ್ರು ಅಂತ ಅಮ್ಮ ಹೇಳ್ತಿದ್ರು. ನಾವ್ಯಾರೂ ನಂಬ್ಲಿಲ್ಲ. ಮನೆ ಮುಂದಿನ ಮೋರಿ ದಾಟೋಕೂ ಸೈಕಲ್ ಇಳೀತಿದ್ದೋರು ಅವ್ರು. ನಿಜವಾ?"

"ನಿಜ ಕಣಮ್ಮ. ಅವರ ಜೊತೆ ಹೋಗಿದ್ದು ನಾನೇ" ಎಂದೆ.

ಆಕೆ ಮತ್ತೆ ಬಂದು ಕೂತರು. ಆವತ್ತು ಅವರಿಗೆ ಅರ್ಧ ಹೇಳಿದೆ. ಮಗಳ ಎದುರು ಹೇಳಲಾಗದೆ ಉಳಿದ ಅರ್ಧವೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಕೆಯ ತಂದೆಯ ಹೆಸರನ್ನು ಮಾತ್ರ ಹಾಕುವುದಿಲ್ಲ. ನಾಲ್ಕು ಜನ ಓದುವ ಕಡೆ ತಮ್ಮ ಹೆಸರಿದ್ದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಐವತ್ತರ ದಶಕದ ಕೊನೆಯ ಮಾತು. ನನಗೆ ಇಪ್ಪತ್ತೆರಡು ವರ್ಷ. ಹೊಸಹಳ್ಳಿಯ ಒಂದು ವಠಾರದಲ್ಲಿ ಅಮ್ಮ, ನಾನು ಇಬ್ಬರೇ ಇದ್ದೆವು. ರಾಜಾಜಿನಗರದಲ್ಲಿ ಬ್ಲಾಕುಗಳಿಗೆ ಕಲ್ಲು ನೆಟ್ಟು ನಂಬರು ಬರೆದಿದ್ದರು, ಆದರೆ ಮನೆಗಳಿಗಿಂತ ಲಂಟಾನ ಪೊದೆಗಳೇ ಹೆಚ್ಚಿದ್ದವು. ಅಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಹಂಗಾಮಿ ಗುಮಾಸ್ತ. ಆರು ತಿಂಗಳಿಗೊಮ್ಮೆ ನನ್ನ ನೇಮಕದ ಕಾಗದದ ಅವಧಿ ಮುಗಿಯುತ್ತಿತ್ತು. ಮುಗಿಯುವ ಹದಿನೈದು ದಿನ ಮೊದಲಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಅಮ್ಮ ತಟ್ಟೆ ನೋಡಿಯೇ "ಕಾಗದದ ದಿನ ಬಂತಾ?" ಎನ್ನುತ್ತಿದ್ದಳು.

ಆ ಹೆಂಗಸಿನ ತಂದೆ ಅಲ್ಲೇ ಟೂಲ್ ರೂಮಿನಲ್ಲಿ ಫಿಟ್ಟರು. ನಲವತ್ತು ದಾಟಿದ ಸಣಕಲು ಮನುಷ್ಯ. ಖಾಕಿ ಅರ್ಧ ಚಡ್ಡಿ, ತಲೆಗೆ ಬಿಳಿ ಟವಲು. ಎಲ್ಲರೂ ಎದುರಿಗೆ 'ಯಜಮಾನ್ರೇ' ಎನ್ನುತ್ತಿದ್ದರು, ಬೆನ್ನ ಹಿಂದೆ 'ಮೂರ್ಸಲ' ಎನ್ನುತ್ತಿದ್ದರು. ಒಂದು ನಟ್ಟು ಬಿಗಿದರೆ ಅದನ್ನು ಮೂರು ಸಲ ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಅಭ್ಯಾಸ. ಬೇರೆಯವರು ಬಿಗಿದದ್ದನ್ನೂ ನೋಡುತ್ತಿದ್ದರು. ಮನೆಗೆ ಹೊರಟವರು ಗೇಟಿನಿಂದ ವಾಪಸು ಬಂದು ಸ್ವಿಚ್ಚು ನೋಡಿ ಹೋಗುತ್ತಿದ್ದರು. ಕೆಲಸ ಮಾತ್ರ ಎಷ್ಟು ಚೊಕ್ಕವೆಂದರೆ, ಅವರ ಕೈ ದಾಟಿ ಹೋದ ಒಂದು ತುಂಡೂ ವಾಪಸು ಬಂದದ್ದನ್ನು ನಾನು ಬರೆಯುತ್ತಿದ್ದ ರಿಜಿಸ್ಟರುಗಳಲ್ಲಿ ಕಾಣಲಿಲ್ಲ.

ಸಂಜೆ ಸೈರನ್ ಆದ ಮೇಲೆ ನಾವು ಒಂದು ಗುಂಪು ಒಟ್ಟಿಗೆ ಸೈಕಲ್ ತುಳಿಯುತ್ತಿದ್ದೆವು. ನಾನು ಹೊಸಹಳ್ಳಿಯಲ್ಲಿ ನಿಂತುಬಿಡುತ್ತಿದ್ದೆ. ಕೆಲವು ದಿನ ಮಾತಿನ ರುಚಿಗೆ ನಾಯಂಡಹಳ್ಳಿವರೆಗೂ ಹೋಗುತ್ತಿದ್ದುದುಂಟು. ಅಲ್ಲಿ ವೃಷಭಾವತಿಯ ಕಡೆಗೆ ರಸ್ತೆ ಇಳಿಯುತ್ತದೆ. ಹುಡುಗರೆಲ್ಲ ಪೆಡಲು ಬಿಟ್ಟು ಜರ್ರೆಂದು ಇಳಿದರೆ ಅವರು ಸೈಕಲ್ಲಿನಿಂದ ಇಳಿದು, ಎಡಗಡೆ ಹಿಡಿದುಕೊಂಡು, ನಡೆದು ಬರುತ್ತಿದ್ದರು.

"ಯಜಮಾನ್ರೇ, ಸೈಕಲ್‌ಗೆ ಸುಸ್ತಾಯ್ತಾ?" ಎಂದು ಯಾರಾದರೂ ಛೇಡಿಸಿದರೆ, "ಇಳಿಜಾರಿಗೆ ಅವಸರ ಇದೆ, ನನಗಿಲ್ಲ ಕಣಪ್ಪ" ಎನ್ನುತ್ತಿದ್ದರು.

ಇಂಥವರು ರೇಸಿಗೆ ಹೆಸರು ಕೊಟ್ಟರು.

ಆ ವರ್ಷ ಸುತ್ತಲಿನ ಕಾರ್ಖಾನೆಗಳವರು ಸೇರಿ ಒಂದು ಸೈಕಲ್ ರೇಸು ಏರ್ಪಾಟು ಮಾಡಿದ್ದರು. ರಾಜಾಜಿನಗರದಿಂದ ಹೊರಟು ಕೆಂಗೇರಿ, ರಾಮೋಹಳ್ಳಿ, ದೊಡ್ಡ ಆಲದಮರ, ಅಲ್ಲಿಂದ ಮಂಚನಬೆಲೆ ಕಡೆಗೆ ಅರ್ಕಾವತಿಯ ಕಣಿವೆಗೆ ಇಳಿದು, ಮತ್ತೆ ಸಾವನದುರ್ಗದ ಮಗ್ಗುಲಲ್ಲಿ ಹತ್ತಿ, ಮಾಗಡಿ ಮುಟ್ಟಿ, ತಾವರೆಕೆರೆ ಮೇಲೆ ವಾಪಸು. ಅರವತ್ತು ಮೈಲಿ ಚಿಲ್ಲರೆ, ಬಹುಪಾಲು ಮಣ್ಣು ರಸ್ತೆ. ಒಂದು ಕಾರ್ಖಾನೆಗೆ ಒಂದೇ ಜೋಡಿ. ದಾರಿಯಲ್ಲಿ ನಾಲ್ಕು ಕಡೆ ಇಬ್ಬರೂ ಒಟ್ಟಿಗೆ ನಿಂತು ಚೀಟಿಗೆ ಮೊಹರು ಹಾಕಿಸಬೇಕು. ಕೊನೆಗೆ ಇಬ್ಬರಲ್ಲಿ ಹಿಂದೆ ಬಂದವನು ಮುಟ್ಟಿದ ಹೊತ್ತೇ ಜೋಡಿಯ ಹೊತ್ತು.

ನೋಟೀಸು ಬಿದ್ದ ದಿನ ಅವರು ಕಾಫಿ ಬಿಡುವಿನಷ್ಟೂ ಹೊತ್ತು ಬೋರ್ಡಿನ ಮುಂದೆ ನಿಂತಿದ್ದರು. ನಾನು ಆಗಲೇ ಹೆಸರು ಕೊಟ್ಟಿದ್ದೆ. ಅರವತ್ತು ಮೈಲಿ ಎಂದದ್ದಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ಮಾರನೆಯ ದಿನ ನನ್ನ ಹೆಸರಿನ ಕೆಳಗೆ ಅವರದು ಬಂತು. ಮ್ಯಾನೇಜರು ಆಟಪಾಟದ ಹುಚ್ಚಿನವರು. ನನ್ನನ್ನು ಕರೆಸಿ, ನಗು ತಡೆದುಕೊಂಡು ಹೇಳಿದರು. "ಬೇರೆ ಯಾರೂ ಇಲ್ಲ, ಏನ್ ಮಾಡೋದು. ನೀನೇ ಅವರನ್ನ ಎಳ್ಕೊಂಡು ಬಾ. ಪದಕ ತಂದ್ರೆ ನಿನ್ನ ಕಾಯಂ ಕಾಗದ ನಾನೇ ಮೇಲಕ್ಕೆ ಕಳಿಸ್ತೀನಿ."

ರೇಸಿಗೆ ಎಂಟು ವಾರ ಬಾಕಿ ಇತ್ತು. ನನ್ನ ಜೀವನ ಇಳಿಜಾರಿನಲ್ಲಿ ಸೈಕಲ್ ಇಳಿಯುವ ಮನುಷ್ಯನ ಕೈಗೆ ಸಿಕ್ಕಿತ್ತು.

ತಯಾರಿ ಶುರುವಾದ ಮೊದಲ ಭಾನುವಾರ ಬೆಳಿಗ್ಗೆ ನಾನು ಕೆಂಗೇರಿಗೆ ಹೋದೆ. ಅವರು ಮನೆಯ ಮುಂದೆ ಗೋಣಿತಾಟು ಹಾಸಿ ತಮ್ಮ ಸೈಕಲ್ಲನ್ನು ಪೂರ್ತಿ ಬಿಚ್ಚಿ ಹರಡಿದ್ದರು. ಎರಡು ಮಡ್‌ಗಾರ್ಡೂ ಪಕ್ಕಕ್ಕಿದ್ದವು. "ಕೆಮ್ಮಣ್ಣು ಒದ್ದೆಯಾದ್ರೆ ಇದರೊಳಗೆ ಸೇರ್ಕೊಂಡು ಚಕ್ರ ಹಿಡ್ಕೊಳುತ್ತೆ. ನಿಮ್ದೂ ತೆಗೀರಿ" ಎಂದರು. ಮಣ್ಣು ರಸ್ತೆಗೆ ಟೈರಿನಲ್ಲಿ ಗಾಳಿ ಸ್ವಲ್ಪ ಕಮ್ಮಿ ಇರಬೇಕು, ಗಟ್ಟಿ ಹೊಡೆದರೆ ಕಲ್ಲಿನ ಮೇಲೆ ಚಕ್ರ ನೆಗೆಯುತ್ತದೆ ಎಂದು ತೋರಿಸಿಕೊಟ್ಟರು. ದಾರಿಯಲ್ಲಿ ಚಕ್ರದ ಕಡ್ಡಿ ಮುರಿದರೆ ಇರಲೆಂದು ನಾಲ್ಕು ಕಡ್ಡಿಗಳನ್ನು ಫ್ರೇಮಿನ ಉದ್ದಕ್ಕೆ ದಾರದಲ್ಲಿ ಸುತ್ತಿ ಕಟ್ಟಿದರು. ನನ್ನ ಸೈಕಲ್ಲಿನ ಒಂದೊಂದು ನಟ್ಟನ್ನೂ ಮುಟ್ಟಿದರು. ಮುಂದಿನ ಬ್ರೇಕಿನದನ್ನು ಬಿಗಿದು, ಒತ್ತಿ, ಎದ್ದು ಕೈ ತೊಳೆದು, ಮತ್ತೆ ಬಂದು ಒತ್ತಿದರು. ಬಿಸಿಲೇರುತ್ತಿತ್ತು. ನಾವು ಒಂದು ಮೈಲಿಯೂ ತುಳಿದಿರಲಿಲ್ಲ.

"ಯಜಮಾನ್ರೇ, ಆಗ್ಲೇ ನೋಡಿದ್ರಲ್ಲ" ಎಂದೆ.

"ನೋಡ್ದೆ. ನೋಡ್ದೆ ಅಂತ ನೆನಪೂ ಇದೆ. ಆದ್ರೂ ನೋಡ್ತೀನಿ. ನೀವು ಒಳಗಡೆ ಕೂತ್ಕೊಳ್ಳಿ, ನೋಡ್ತಾ ಇದ್ರೆ ನಿಮಗೆ ಕೋಪ ಬರುತ್ತೆ" ಎಂದರು.

ಕೋಪ ಬಂದೇ ಬಂದಿತ್ತು. ಆದರೆ ರಾಮೋಹಳ್ಳಿಯ ಏರು ಹತ್ತಲು ಶುರುಮಾಡಿದಾಗ ನನ್ನ ಕೋಪಕ್ಕೆ ಉಸಿರೇ ಉಳಿಯಲಿಲ್ಲ. ಅವರು ಸೀಟಿನ ಮೇಲಿಂದ ಏಳದೆ, ಬೀಸುಕಲ್ಲು ಬೀಸುವವರ ಹಾಗೆ ಒಂದೇ ಸಮ ತುಳಿಯುತ್ತ ಹೋದರು. ನಾನು ಎದ್ದು ನಿಂತು ತುಳಿದರೂ ಹಿಂದೆ ಬಿದ್ದೆ. ದಿಣ್ಣೆಯ ತುದಿಯಲ್ಲಿ ಅವರು ಬಾಟಲಿಯಲ್ಲಿ ಮಜ್ಜಿಗೆ ಹಿಡಿದು ಕಾಯುತ್ತಿದ್ದರು. ಆ ಕಡೆ ಇಳಿಯಬೇಕಾಗಿ ಬಂದಾಗ ನಾನು ಕಾದೆ. ಅವರು ನಡೆದು ಬಂದರು.

ಹೀಗೆ ನಾಲ್ಕು ಭಾನುವಾರ. ಹತ್ತುವಾಗ ನಾನು ಅವರಿಗೆ ಹೊರೆ, ಇಳಿಯುವಾಗ ಅವರು ನನಗೆ. ಹುರಿಟ್ಟಿಗೆ ಬೆಲ್ಲ ಕಲಸಿ ಅವರ ಹೆಂಡತಿ ಕಟ್ಟಿಕೊಡುತ್ತಿದ್ದ ಉಂಡೆಗಳನ್ನು ದೊಡ್ಡ ಆಲದಮರದ ಕೆಳಗೆ ತಿನ್ನುತ್ತ ಅವರು ಒಂದು ಸಣ್ಣ ಪುಸ್ತಕದಲ್ಲಿ ದಾರಿ ಬರೆದುಕೊಳ್ಳುತ್ತಿದ್ದರು. ಎಲ್ಲಿ ಮೋರಿ ಕುಸಿದಿದೆ, ಎಲ್ಲಿ ಮರಳಿದೆ, ಯಾವ ತಿರುವಿನಲ್ಲಿ ಎತ್ತಿನ ಗಾಡಿಯ ಜಾಡು ಆಳವಾಗಿದೆ. ಆಲದಮರದಿಂದ ಮುಂದಕ್ಕೆ ಮಾತ್ರ ಪುಸ್ತಕದಲ್ಲಿ ಏನೂ ಇರಲಿಲ್ಲ. ಪ್ರತಿಸಲವೂ ಏನೋ ಒಂದು ನೆಪ ಹೇಳಿ ಅಲ್ಲಿಂದಲೇ ತಿರುಗಿಬಿಡುತ್ತಿದ್ದರು.

ನಾನು ಜೋರು ಮಾಡಿದ ಮೇಲೆ ಇಳಿಯುವ ಅಭ್ಯಾಸಕ್ಕೆ ಒಪ್ಪಿದರು. ರಾಮೋಹಳ್ಳಿಯ ಹಿಂದೆ ಒಂದು ಸಣ್ಣ ಇಳಿಜಾರಿತ್ತು. ಮೊದಲ ದಿನ ಸೀಟಿನ ಮೇಲೆ ಕೂತು ಎರಡು ಕಾಲನ್ನೂ ನೆಲಕ್ಕೆ ಉಜ್ಜುತ್ತ ಇಳಿದರು. ಚಪ್ಪಲಿ ಕಿತ್ತುಹೋಯಿತು. ಆಮೇಲಿನ ವಾರ ಒಂದು ಕಾಲು. ಇಳಿದು ಮುಗಿದ ಮೇಲೆ ಅವರ ಕೈ ಬ್ರೇಕು ಬಿಡುತ್ತಿರಲಿಲ್ಲ, ನಾನೇ ಒಂದೊಂದೇ ಬೆರಳು ಬಿಡಿಸಬೇಕಾಗಿತ್ತು. ಇಷ್ಟು ಹೆದರುವ ಮನುಷ್ಯ ಹೆಸರನ್ನೇಕೆ ಕೊಟ್ಟರು ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಕೇಳಿದರೆ, "ದಾರಿ ಚೆನ್ನಾಗಿದೆ" ಎಂದಷ್ಟೇ ಹೇಳುತ್ತಿದ್ದರು.

ರೇಸಿಗೆ ಮೂರು ವಾರ ಇರುವಾಗ ಇನ್ನೊಂದು ಕಾಗದ ಬಂತು. ಮೊಹರು ಹಾಕುವ ಜಾಗಗಳ ಪಟ್ಟಿ. ಎರಡನೆಯದು ಕಣಿವೆಯ ಕೆಳಗಿನ ಹಳ್ಳಿಯ ಶಾಲೆ, ಮೊಹರು ಹಾಕುವವರು ಅಲ್ಲಿನ ಹೆಡ್‌ಮಾಸ್ಟರು. ಅವರ ಹೆಸರೂ ಇತ್ತು. ನಾನು ಪಟ್ಟಿ ತೆಗೆದುಕೊಂಡು ಟೂಲ್ ರೂಮಿಗೆ ಹೋದೆ. ಯಜಮಾನರು ಓದಿದರು. ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೇ ವಾಪಸು ಹಾಕಿದರು.

"ಗುಮಾಸ್ತರೇ, ನನ್ನ ಹೆಸರು ತೆಗೆಸಿಬಿಡಿ" ಎಂದರು.

ಅವರು ಇಲ್ಲದಿದ್ದರೆ ಜೋಡಿಯೇ ಇಲ್ಲ. ಆ ಸಂಜೆ ಅವರ ಜೊತೆಯೇ ಕೆಂಗೇರಿವರೆಗೆ ತುಳಿದೆ. ಕೆಂಗೇರಿ ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ಅವರೇ ಹೇಳಿದರು.

ಯುದ್ಧ ಮುಗಿದ ವರ್ಷ ಅವರಿಗೆ ಕೆಂಗೇರಿ ಪೇಟೆಯಲ್ಲಿ ಸ್ವಂತ ಸೈಕಲ್ ಶಾಪಿತ್ತು. ಒಂದು ಸಂಜೆ ಪಟ್ಟಿಯಲ್ಲಿದ್ದ ಆ ಮೇಷ್ಟ್ರು ಸೈಕಲ್ ತಂದರು. ಆಗ ಚಿಕ್ಕ ವಯಸ್ಸು, ಹೊಸದಾಗಿ ಕೆಲಸಕ್ಕೆ ಸೇರಿದ್ದವರು. ಬ್ರೇಕು ಹಿಡಿಯುತ್ತಿರಲಿಲ್ಲ. ಇವರು ಬ್ರೇಕಿನ ಸರಳು ಬಿಚ್ಚಿ, ಹೊಸ ರಬ್ಬರು ಹಾಕಿ, ಸರಳಿನ ನಟ್ಟು ಕೂರಿಸುತ್ತಿದ್ದಾಗ ಪಕ್ಕದ ಮನೆಯವರು ಕರೆದರು. ಯಾವುದೋ ಎತ್ತು ಬೆದರಿ ಗಾಡಿ ಮಗುಚಿತ್ತು. ಎದ್ದು ಹೋಗಿ ಗಾಡಿ ಎತ್ತಿಸಿ ಬಂದರು. ಮೇಷ್ಟ್ರು ಕತ್ತಲಾಗುತ್ತದೆ ಎಂದು ಅವಸರ ಮಾಡಿದರು. ಇವರು ಸೈಕಲ್ ಕೊಟ್ಟು ಕಳಿಸಿದರು. ಆಲದಮರ ದಾಟಿದ ಮೇಲಿನ ಇಳಿಜಾರಿನಲ್ಲಿ ಮೇಷ್ಟ್ರು ಬಿದ್ದರು. ಬಂಡೆಗೆ ಬಡಿದು ಮಂಡಿ ಹೋಯಿತು.

"ಆ ನಟ್ಟನ್ನ ಬಿಗಿ ಮಾಡಿದ್ನಾ ಇಲ್ವಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಕಣ್ರೀ. ಎದ್ದು ಹೋಗಿದ್ದು ನೆನಪಿದೆ, ವಾಪಸ್ ಬಂದಿದ್ದು ನೆನಪಿದೆ. ಬಂದು ಕೂತು ಬಿಗಿದಿದ್ದು ಕೆಲವು ದಿನ ನೆನಪಾಗುತ್ತೆ, ಕೆಲವು ದಿನ ಆಗಲ್ಲ. ಮೇಷ್ಟ್ರು ಯಾರಿಗೂ ದೂರು ಕೊಡ್ಲಿಲ್ಲ. ಆಸ್ಪತ್ರೆ ಗೇಟಿನವರೆಗೂ ಹೋಗಿ ವಾಪಸ್ ಬಂದೆ. ಆ ತಿಂಗಳೇ ಶಾಪು ಮುಚ್ಚಿದೆ."

"ಮತ್ತೆ ರೇಸಿಗೆ ಯಾಕೆ ಕೊಟ್ರಿ?"

"ಆ ಇಳಿಜಾರನ್ನ ಒಂದ್ಸಲ ನಾನೇ ಸೈಕಲ್ ಮೇಲೆ ಇಳೀಬೇಕು ಅನ್ನಿಸ್ತು. ಒಬ್ನೇ ಹೋಗೋಕೆ ಧೈರ್ಯ ಇರ್ಲಿಲ್ಲ. ನಾಲ್ಕು ಜನ ಇಳೀವಾಗ ನಾನೂ ಇಳಿದುಬಿಡ್ತೀನಿ ಅಂದ್ಕೊಂಡೆ. ಮೇಷ್ಟ್ರ ಮುಖ ನೋಡ್ಬೇಕಾಗುತ್ತೆ ಅಂತ ಗೊತ್ತಿರ್ಲಿಲ್ಲ."

ಇದನ್ನು ಕೇಳಿ ನನಗೆ ಅವರ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ನನ್ನ ಕಾಗದದ ಚಿಂತೆ. ಒಂದು ವಾರ ತಡೆಯಿರಿ, ಹೆಸರು ಆಮೇಲೆ ತೆಗೆಸೋಣ ಎಂದು ಕೈಮುಗಿದೆ. ಆ ಭಾನುವಾರ ಅಮ್ಮನಿಗೆ ಮೈ ಸರಿಯಿಲ್ಲ ಎಂದು ಅವರಿಗೆ ಹೇಳಿ, ಒಬ್ಬನೇ ಆ ಹಳ್ಳಿಗೆ ಹೋದೆ.

ಇಳಿಜಾರು ನಾನಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಕಡಿದಾಗಿ ಇಳಿದು, ಎಡಕ್ಕೆ ತಿರುಗಿ, ಮತ್ತೆ ಕಡಿದಾಗಿ ಇಳಿಯುತ್ತಿತ್ತು. ತಿರುವಿನಲ್ಲಿ ಒಂದು ಬಂಡೆ ರಸ್ತೆಗೆ ಮೂತಿ ಚಾಚಿತ್ತು. ಅದೇ ಇರಬೇಕು ಅನಿಸಿ, ನಾನೂ ಇಳಿದು ನಡೆದೆ.

ಮೇಷ್ಟ್ರು ಶಾಲೆಯ ಜಗಲಿಯಲ್ಲೇ ಸಿಕ್ಕರು. ಬಲಗಾಲನ್ನು ಮುಂದಕ್ಕೆ ಚಾಚಿಕೊಂಡು ಕೂತಿದ್ದರು. ಮಂಡಿ ಸ್ವಲ್ಪವೇ ಮಡಿಸುತ್ತಿತ್ತು. ನಾನು ಸುತ್ತು ಬಳಸದೆ ಯಾರ ಜೋಡಿ, ಏಕೆ ಬಂದೆ ಎಂದು ಹೇಳಿದೆ. ಆ ದಿನ ಏನಾಯಿತು ಎಂದು ಕೇಳಿದೆ.

ಅವರು ಎರಡೂ ಕೈಯಿಂದ ಬಲಗಾಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಟ್ಟು ಕಳಚಿತ್ತಪ್ಪ" ಎಂದರು. "ಬ್ರೇಕ್ ಹಿಡ್ದೆ, ಸರಳು ಸಡ್ಲವಾಗಿ ಕೈಗೆ ಬಂತು. ಬೀಳೋ ಮೊದಲೇ ಗೊತ್ತಾಯ್ತು ನನಗೆ."

"ಅವ್ರಿಗೆ ಹೇಳ್ತೀರಾ ಸಾರ್?"

"ಕೇಳಿದ್ರೆ ಹೇಳ್ತೀನಿ. ಕೇಳ್ದೇ ಇದ್ರೆ ನಾನಾಗಿ ಹೇಳಲ್ಲ. ಮಕ್ಕಳಿಗೆ ಪಾಠ ಹೇಳೋನು, ಕೇಳಿದ್ಮೇಲೆ ಸುಳ್ಳು ಹೇಳೋಕಾಗುತ್ತಾ?"

ವಾಪಸು ಬರುವ ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದೆ. ನಿಜ ಹೇಳಿದರೆ ಯಜಮಾನರು ಇನ್ನು ಸೈಕಲ್ಲನ್ನೇ ಮುಟ್ಟಲಾರರು. ಸುಮ್ಮನಿದ್ದರೆ ಹೆಸರು ತೆಗೆಸುತ್ತಾರೆ. ಸೋಮವಾರ ಬೆಳಿಗ್ಗೆ ಟೂಲ್ ರೂಮಿಗೆ ಹೋಗಿ, ಅವರ ಬೆಂಚಿನ ಮೇಲಿದ್ದ, ಕಬ್ಬಿಣ ಉಜ್ಜುವ ಅರದ ಕಡೆ ನೋಡುತ್ತ ಹೇಳಿದೆ.

"ನಾನು ಮೇಷ್ಟ್ರನ್ನ ನೋಡ್ಕೊಂಡು ಬಂದೆ. ಬ್ರೇಕ್ ಸರಿಯಾಗೇ ಇತ್ತಂತೆ. ಅವರೇ ಜೋರಾಗಿ ಬಿಟ್ಕೊಂಡು ಬಂದು ಕಲ್ಲಿಗೆ ಹೊಡೆದ್ರಂತೆ."

ಅವರು ನನ್ನನ್ನೇ ನೋಡುತ್ತಿದ್ದರು ಎಂದು ಗೊತ್ತಾಗುತ್ತಿತ್ತು. "ಹೌದಾ" ಎಂದರು. ಮತ್ತೆ ಕೆಲಸಕ್ಕೆ ತಿರುಗಿದರು. "ಹಾಗಾದ್ರೆ ಹೆಸರು ಇರ್ಲಿ ಬಿಡಿ."

ಉಳಿದ ದಿನಗಳು ನನಗೆ ನರಕ. ಅವರು ಮಾತ್ರ ಮೊದಲಿಗಿಂತ ಹೆಚ್ಚು ದುಡಿದರು. ಕೆಲಸಕ್ಕೆ ಬರುವ ಮೊದಲು ಬೆಳಿಗ್ಗೆ ರಾಮೋಹಳ್ಳಿವರೆಗೆ ಹೋಗಿ ಬರುತ್ತಿದ್ದರು. ಅವರು ಒಂದೊಂದು ಇಳಿಜಾರು ಇಳಿದಾಗಲೂ ನನಗೆ ಮೇಷ್ಟ್ರ ಮಾತು ನೆನಪಾಗುತ್ತಿತ್ತು. 'ಕೇಳಿದ್ರೆ ಹೇಳ್ತೀನಿ.' ಇವರು ಕೇಳುವವರಲ್ಲ, ಮುಖ ಎತ್ತಿ ಮಾತಾಡುವವರೇ ಅಲ್ಲ, ಮೊಹರು ಹಾಕಿಸಿಕೊಂಡು ಹೊರಟುಬಿಡುತ್ತೇವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮ್ಮ ನನ್ನ ತಟ್ಟೆ ನೋಡಿ ಏನೂ ಕೇಳಲಿಲ್ಲ. ಕಾಗದದ ದಿನ ಇನ್ನೂ ದೂರವಿತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಭಯ.

ರೇಸಿನ ದಿನ ಚಳಿ. ಅವರೆಕಾಯಿಯ ಕಾಲ, ಹೊಲಗಳ ಮೇಲೆ ಮಂಜು ಕೂತಿತ್ತು. ಎಂಟು ಜೋಡಿ ಹೊರಟೆವು. ಕೆಂಗೇರಿವರೆಗೆ ಎಲ್ಲರೂ ಒಟ್ಟಿಗಿದ್ದೆವು. ರಾಮೋಹಳ್ಳಿಯ ಏರಿನಲ್ಲಿ ಯಜಮಾನರು ನನ್ನನ್ನು ಎಳೆದುಕೊಂಡು ಹೋದ ಹಾಗೆ ಹೋದರು. ಆಲದಮರದ ಹತ್ತಿರ ಮೊದಲ ಮೊಹರು ಹಾಕಿಸಿದಾಗ ನಾವು ಎರಡನೆಯವರು. ನನಗೆ ಒಂದು ಕ್ಷಣ ಪದಕವೇ ಕಂಡಿತು.

ಇಳಿಜಾರಿನ ತಲೆಯಲ್ಲಿ ಅವರು ನಿಂತರು. ಬಗ್ಗಿ ನನ್ನ ಬ್ರೇಕಿನ ನಟ್ಟು ಒತ್ತಿದರು, ತಮ್ಮದನ್ನು ಒತ್ತಿದರು. ನಮ್ಮ ಹಿಂದಿದ್ದ ಜೋಡಿ ಧೂಳೆಬ್ಬಿಸಿಕೊಂಡು ಇಳಿದುಹೋಯಿತು. ಟವಲನ್ನು ತಲೆಗೆ ಬಿಗಿದು ಕಟ್ಟಿ, "ನೀವು ಹಿಂದೆ ಬನ್ನಿ, ನಾನು ಬಿದ್ರೆ ನನ್ನ ಮೇಲೆ ಬರ್ಬೇಡಿ" ಎಂದು ಹೇಳಿ ಸೀಟಿಗೆ ಹತ್ತಿದರು.

ಅವರ ಕಾಲು ನೆಲಕ್ಕೆ ತಾಕಲಿಲ್ಲ. ಹಿಂದಿನಿಂದ ನನಗೆ ಕಾಣುತ್ತಿದ್ದುದು ಬ್ರೇಕಿನ ಮೇಲೆ ಬಿಗಿದ ಮುಷ್ಟಿ, ಕಿವಿಯವರೆಗೆ ಎತ್ತಿದ ಭುಜ. ಜಲ್ಲಿ ಕಲ್ಲುಗಳು ಚಕ್ರದಿಂದ ಸಿಡಿಯುತ್ತಿದ್ದವು. ತಿರುವಿನಲ್ಲಿ ಬಂಡೆ ಬಂತು. ಅವರ ಸೈಕಲ್ ಒಂದು ಸಲ ಓಲಾಡಿತು. ಆಮೇಲೆ ಬಂಡೆ ನಮ್ಮ ಹಿಂದೆ ಹೋಯಿತು. ಕೆಳಗೆ ಬಯಲು ಸಿಕ್ಕಾಗ ಅವರ ಮುಖ ಪೂರ್ತಿ ಒದ್ದೆಯಾಗಿತ್ತು. ಅದು ಬೆವರೋ ಏನೋ ನಾನು ಕೇಳಲಿಲ್ಲ.

ಶಾಲೆಯ ಜಗಲಿಯ ಮೇಲೆ ಮೇಜು ಹಾಕಿದ್ದರು. ಮೇಷ್ಟ್ರು ನಮ್ಮ ಚೀಟಿ ತೆಗೆದುಕೊಂಡು ಮೊಹರು ಒತ್ತಿದರು. ನಾನು ಚೀಟಿ ಕಸಿದುಕೊಂಡ ಹಾಗೆ ತೆಗೆದುಕೊಂಡು, "ನಡೀರಿ ಯಜಮಾನ್ರೇ" ಎಂದೆ.

ಅವರು ತಲೆಯ ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಮೇಷ್ಟ್ರೇ, ನಾನು ಕೆಂಗೇರೀಲಿ ಸೈಕಲ್ ಶಾಪ್ ಇಟ್ಟಿದ್ದೋನು."

"ಗೊತ್ತು" ಎಂದರು ಮೇಷ್ಟ್ರು.

"ಆವತ್ತು ಆ ನಟ್ಟು ಕಳಚಿತ್ತಾ?"

ಮೇಷ್ಟ್ರು ನನ್ನ ಕಡೆ ಒಂದು ಸಲ ನೋಡಿದರು. ನಾನು ತಲೆ ತಗ್ಗಿಸಿದೆ.

"ಕಳಚಿತ್ತು" ಎಂದರು.

"ಹಾಗಾದ್ರೆ ನಾನು ಬಿಗಿ ಮಾಡಿರ್ಲಿಲ್ಲ."

"ಮಾಡಿರ್ಲಿಲ್ಲ."

ಯಜಮಾನರು ತಲೆಯಾಡಿಸಿದರು. ಅವರು ಕುಸಿಯುತ್ತಾರೆ, ಅಳುತ್ತಾರೆ ಎಂದು ನಾನು ಕಾದೆ. ಅಂಥದ್ದೇನೂ ಆಗಲಿಲ್ಲ. ಉಸಿರು ಮಾತ್ರ ದೊಡ್ಡದಾಗಿ ಹೊರಗೆ ಬಂತು. "ತಪ್ಪಾಯ್ತು ಮೇಷ್ಟ್ರೇ" ಎಂದರು.

"ಕಾಲಿನ ಕೋಪ ಆರು ತಿಂಗಳಿಗೆ ಹೋಯ್ತು" ಎಂದರು ಮೇಷ್ಟ್ರು. "ನೀವು ಒಂದ್ಸಲಾನೂ ಬರ್ಲಿಲ್ವಲ್ಲ, ಆ ಕೋಪ ಇವತ್ತಿನವರೆಗೂ ಇತ್ತು. ಆಸ್ಪತ್ರೇಲಿ ಯಾರು ಬಂದ್ರೂ ನೀವೇನೋ ಅಂತ ನೋಡ್ತಿದ್ದೆ. ಕೂತ್ಕೊಳ್ಳಿ, ಮಜ್ಜಿಗೆ ಕುಡೀರಿ."

ಅವರು ಕೂತರು. ಕಂಚಿನ ಲೋಟದಲ್ಲಿ ಕೊಟ್ಟ ಮಜ್ಜಿಗೆಯನ್ನು ನಿಧಾನವಾಗಿ, ಪೂರ್ತಿ ಕುಡಿದರು. ಅಷ್ಟರಲ್ಲಿ ಇನ್ನೂ ಎರಡು ಜೋಡಿ ಬಂದು ಮೊಹರು ಹಾಕಿಸಿಕೊಂಡು ಹೋದವು. ನಾನು ಸೈಕಲ್ ಹಿಡಿದುಕೊಂಡು ನಿಂತಿದ್ದೆ. ಏಳಿ ಎನ್ನಲು ನನಗೆ ಬಾಯಿರಲಿಲ್ಲ. ಲೋಟ ಕೆಳಗಿಟ್ಟು, "ಇನ್ನೊಂದ್ ದಿನ ಬರ್ತೀನಿ" ಎಂದು ಮೇಷ್ಟ್ರಿಗೆ ಹೇಳಿ, ಅವರೇ ಎದ್ದು ಬಂದರು. "ನಡೀರಿ, ಹತ್ತೋದು ಬಹಳ ಇದೆ."

ಸಾವನದುರ್ಗದ ಮಗ್ಗುಲಿನ ಏರಿನಲ್ಲಿ ನಾವು ಪಕ್ಕಪಕ್ಕ ತುಳಿಯುತ್ತಿದ್ದಾಗ ನಾನು ಹೇಳಿದೆ.

"ಯಜಮಾನ್ರೇ, ನಾನು ಸುಳ್ಳು ಹೇಳಿದ್ದೆ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಆವತ್ತೇ. ನೀವು ಅರ ನೋಡ್ಕೊಂಡು ಮಾತಾಡ್ತಿದ್ರಿ. ಸರಿ, ಇದು ಅವರ ಬಾಯಿಂದ್ಲೇ ಕೇಳ್ಬೇಕು ಅಂತ ಆಗ್ಲೇ ಅನ್ನಿಸ್ತು. ಅದಕ್ಕೇ ಹೆಸರು ತೆಗೆಸ್ಲಿಲ್ಲ." ಸ್ವಲ್ಪ ದೂರ ತುಳಿದು ಮತ್ತೆ ಹೇಳಿದರು. "ಕೆಲ್ಸಕ್ಕೋಸ್ಕರ ಹೇಳಿದ್ರಿ, ನನಗೆ ಅರ್ಥ ಆಗುತ್ತೆ. ಆದ್ರೆ ಇನ್ಮೇಲೆ ನನಗೆ ಸುಳ್ಳು ಹೇಳ್ಬೇಡಿ. ತಪ್ಪು ಮಾಡಿದೀನಿ ಅಂತ ಗೊತ್ತಾದ್ರೆ ಹೊತ್ಕೋಬಹುದು ಕಣ್ರೀ. ಮಾಡಿದೀನೋ ಇಲ್ವೋ ಅನ್ನೋದನ್ನ ಹೊರೋಕಾಗಲ್ಲ."

ನಾವು ಐದನೆಯವರಾಗಿ ಬಂದೆವು. ಪದಕ ಮೂರು ಜೋಡಿಗೆ ಮಾತ್ರ. ಮ್ಯಾನೇಜರು ನನ್ನ ಬೆನ್ನು ತಟ್ಟಿದರು, ಕಾಗದದ ಮಾತೆತ್ತಲಿಲ್ಲ. ನನ್ನ ಕೆಲಸ ಕಾಯಂ ಆಗಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. ಅದು ಎಲ್ಲರಿಗೂ ಆಗುವ ಹಾಗೆ, ಸರದಿಯಲ್ಲಿ ಆಯಿತು.

ಆ ದಿನದಿಂದ ಅವರ ಭಯ ಹೋಯಿತು ಎಂದು ಬರೆದರೆ ಸುಳ್ಳಾದೀತು. ನಾಯಂಡಹಳ್ಳಿಯಲ್ಲಿ ಅವರು ಆಮೇಲೂ ಇಳಿದೇ ನಡೆಯುತ್ತಿದ್ದರು, ಬೀಗ ಹಾಕಿ ಮತ್ತೆ ಎಳೆದು ನೋಡುತ್ತಿದ್ದರು. ಆದರೆ ತಿಂಗಳಿಗೊಂದು ಭಾನುವಾರ ಆ ಹಳ್ಳಿಗೆ ಹೋಗಿ ಮೇಷ್ಟ್ರ ಜೊತೆ ಕೂತು ಬರುವುದನ್ನು ಶುರುಮಾಡಿದರು. ಆಮೇಲೊಮ್ಮೆ ಅವರು ಟೂಲ್ ರೂಮಿನಲ್ಲಿ ನನ್ನನ್ನು ಕರೆದು ಒಂದು ಪೆಡಲಿನ ತೋಳು ತೋರಿಸಿದರು. ಇರಬೇಕಾದದ್ದಕ್ಕಿಂತ ಅರ್ಧ ಗಿಡ್ಡ. "ಮೇಷ್ಟ್ರ ಮಂಡಿ ಪೂರ್ತಿ ಮಡಿಸಲ್ಲ. ಬಲಗಡೆ ಇದನ್ನ ಹಾಕಿದ್ರೆ ಅಷ್ಟೊಂದು ಮಡಿಸ್ಬೇಕಾಗಿಲ್ಲ. ಎಡಗಾಲು ತುಳಿದ್ರೆ ಇದು ಜೊತೆಗೆ ತಿರುಗುತ್ತೆ." ಬಿಡುವಿನ ವೇಳೆಯಲ್ಲಿ ನಾಲ್ಕು ತೋಳು ಮಾಡಿ, ಮೂರನ್ನು ಸರಿಯಿಲ್ಲವೆಂದು ಎಸೆದಿದ್ದರು.

ಅದನ್ನು ಜೋಡಿಸುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಶಾಲೆಯ ಮುಂದಿನ ಬಯಲಿನಲ್ಲಿ ಮೇಷ್ಟ್ರ ಹಳೆಯ ಸೈಕಲ್ ನಿಂತಿತ್ತು. 'ಹನ್ನೆರಡು ವರ್ಷ ಗೋಡೆಗೆ ಒರಗಿ ಕೂತಿದ್ದದ್ದು' ಎಂದು ಮೇಷ್ಟ್ರೇ ನಕ್ಕರು. ಯಜಮಾನರು ಅದನ್ನು ಹೊಸದರಂತೆ ಮಾಡಿ, ಒಂದು ಗಂಟೆ ಹೊತ್ತು ಒಂದೊಂದು ನಟ್ಟನ್ನೂ ನೋಡಿದರು. ಆ ದಿನ ನಾನು ಅವಸರ ಮಾಡಲಿಲ್ಲ. ಮೇಷ್ಟ್ರನ್ನು ಹತ್ತಿಸಿ, ಸೀಟಿನ ಹಿಂದೆ ಹಿಡಿದುಕೊಂಡು ಅವರ ಜೊತೆ ಬಯಲಿನ ಅಂಚಿನವರೆಗೆ ಓಡಿದರು.

"ಬಿಡಿ" ಎಂದರು ಮೇಷ್ಟ್ರು.

ಯಜಮಾನರು ಕೈ ಬಿಟ್ಟರು. ಬಿಟ್ಟವರೇ ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡು ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ನಾನು ಓಡಿ ಹೋಗಿ ಪಕ್ಕದಲ್ಲಿ ನಿಂತೆ.

"ಗುಮಾಸ್ತರೇ, ಬಿದ್ರಾ?"

"ಇಲ್ಲ ಯಜಮಾನ್ರೇ."

"ನಿಜ ಹೇಳಿ."

"ನಿಜ. ತುಳೀತಾ ಇದಾರೆ. ಸ್ವಲ್ಪ ಓಲಾಡಿದ್ರು, ಈಗ ಸರಿಹೋಯ್ತು."

"ಎಲ್ಲಿದಾರೆ?"

"ಬಾವಿ ಹತ್ರ."

"ಈಗ?"

"ಬಾವಿ ದಾಟಿದ್ರು. ಹೊಂಗೆ ಮರದ ಕೆಳಗೆ ಹೋಗ್ತಾ ಇದಾರೆ. ಯಾರೋ ಹೆಂಗಸರು ಕೊಡ ಇಳಿಸಿ ನೋಡ್ತಿದಾರೆ. ಈಗ ತಿರುಗ್ತಾ ಇದಾರೆ."

ಅವರು ಕೈ ತೆಗೆಯಲಿಲ್ಲ. ಮೇಷ್ಟ್ರು ಬಯಲು ಸುತ್ತಿ ನಮ್ಮ ಹತ್ತಿರ ಬಂದು ನಿಲ್ಲುವವರೆಗೂ ನಾನು ಕಂಡದ್ದನ್ನೆಲ್ಲ, ಕಂಡ ಹಾಗೆಯೇ, ಹೇಳುತ್ತಲೇ ಇದ್ದೆ.